ಕುರ್ಚಿ ಎಲ್ಲಿಡಬೇಕು? ಒಂದು ಸಣ್ಣ ರೂಮು, ಐದು ಸ್ಪೀಕರು ಮತ್ತು ಅಪ್ಪನ ಎಡಗಿವಿ

ಶುರು ಮಾಡೋ ಮುಂಚೆ ಒಂದು ಸಣ್ಣ ಕೆಲಸ. ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ರೆ ಬಲಗಿವಿದು ತೆಗೀರಿ. ಎಡಗಿವಿದು ಮಾತ್ರ ಇರ್ಲಿ. ಎಪಿಸೋಡ್ ಮುಗಿಯೋವರೆಗೂ ಹಂಗೇ ಕೇಳ್ರಿ. ಯಾಕೆ ಅಂತ ಮುಂದೆ ಹೇಳ್ತೀನಿ.

ನಾನು ಆಳಂದದವನು. ಓದಿದ್ದು ಬಿ.ಕಾಂ. ಸೌಂಡ್ ಇಂಜಿನಿಯರಿಂಗ್‌ಗೂ ನನಗೂ ಏನೂ ಸಂಬಂಧ ಇಲ್ಲ. ಆದ್ರೆ ಹೋದ ವರ್ಷ ದೀಪಾವಳಿಗೆ ರೊಕ್ಕ ಕೂಡಿಸಿ ಒಂದು 5.1 ಹೋಮ್ ಥಿಯೇಟರ್ ಸೆಟ್ ತಗೊಂಡೆ. ಮನೇಲಿ ತೊಗರಿ ಚೀಲ ಇಡ್ತಿದ್ದ ಒಂದು ರೂಮಿತ್ತು, 10 ಅಡಿ ಅಗಲ, 12 ಅಡಿ ಉದ್ದ. ಚೀಲ ಎಲ್ಲಾ ಖಾಲಿ ಮಾಡಿಸಿ ಬಣ್ಣ ಹಚ್ಚಿಸಿದೆ. ಮೇಲೆ ಆರ್‌ಸಿಸಿ ಸ್ಲ್ಯಾಬು, ಕೆಳಗೆ ಶಹಾಬಾದ್ ಕಲ್ಲು, ನಮ್ಮ ಕಡೆ ಫರಸಿ ಅಂತೀವಿ. ವೈರಿಂಗ್ ಮಾಡೋಕೆ ಬಂದವರು ಹಿಂದಿನ ಎರಡು ಸ್ಪೀಕರನ್ನ ಸ್ಲ್ಯಾಬಿನ ಮೂಲೆಗೆ ಹತ್ತಿಸಿ ಮೊಳೆ ಹೊಡೆದು ಹೋದ್ರು. ನಡುವಿನ ಸ್ಪೀಕರ್ ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆಗೆ ಹೋಯ್ತು. ನೋಡೋಕೆ ಭಾರಿ ಇತ್ತು.

ಮೊದಲ ದಿನ ಮನೆಮಂದಿಯೆಲ್ಲಾ ಕೂತ್ವಿ. ಮಳೆ ಸದ್ದು ಸ್ಲ್ಯಾಬಿಂದ ಬರ್ತಿತ್ತು, ಬೈಕು ಬಾಗಿಲಿಂದ ಬರ್ತಿತ್ತು. ಮಾತು ಮಾತ್ರ ಯಾರಿಗೂ ಅರ್ಥ ಆಗ್ಲಿಲ್ಲ. ಕಾಲು ಗಂಟೆ ಆದ್ಮೇಲೆ ಅಪ್ಪ ಎದ್ದ.

"ಛಲೋ ಅದಪಾ. ಖರೇ ಮಾತೇ ತಿಳಿವಲ್ದು" ಅಂದು ಪಡಸಾಲೆಗೆ ಹೋಗಿ ಹಳೇ ಟಿವಿ ಹಚ್ಚಿ ಸುದ್ದಿ ನೋಡ್ತಾ ಕೂತ.

ನನಗೆ ಸಿಟ್ಟು ಬಂತು, ಆಮೇಲೆ ಬ್ಯಾಸರ ಆಯ್ತು. ಆ ಸೆಟ್ ತಂದಿದ್ದೇ ಅಪ್ಪನ ಸಲುವಾಗಿ. ಟೆಂಟ್ ಟಾಕೀಸ್ ಕಾಲದಿಂದ ಸಿನಿಮಾ ಹುಚ್ಚು ಇರೋ ಮನುಷ್ಯ. ಸರಿ, ಸ್ಪೀಕರ್ ಎಲ್ಲಿಡಬೇಕು ಅಂತ ಹುಡುಕೋಕೆ ಕೂತೆ. ಒಂದು ಚಿತ್ರ ಸಿಗುತ್ತೆ, ಅದರ ಪ್ರಕಾರ ಇಟ್ರೆ ಮುಗೀತು ಅಂದ್ಕೊಂಡಿದ್ದೆ. ಸಿಕ್ಕಿದ್ದು 140 ವರ್ಷದ ಒಂದು ಕಥೆ. ಆ ಕಥೆಯಲ್ಲಿ ಸ್ಪೀಕರ್ ಎಲ್ಲಿ ಅನ್ನೋದು ಎರಡನೇ ಪ್ರಶ್ನೆ. ಕೇಳೋನು ಎಲ್ಲಿ ಕೂತಿದ್ದಾನೆ ಅನ್ನೋದೇ ಮೊದಲನೇದು.

1881ರಿಂದ ಶುರು ಮಾಡೋಣ. ಪ್ಯಾರಿಸ್ಸಿನಲ್ಲಿ ವಿದ್ಯುತ್ ಪ್ರದರ್ಶನ ನಡೀತಿತ್ತು. ಕ್ಲೆಮಾಂ ಅಡೇರ್ ಅನ್ನೋ ಇಂಜಿನಿಯರು ಅಲ್ಲಿನ ಒಪೆರಾ ರಂಗಮಂದಿರದ ವೇದಿಕೆ ಮುಂದೆ ಎಡಕ್ಕೂ ಬಲಕ್ಕೂ ಟೆಲಿಫೋನಿನ ಮೈಕುಗಳನ್ನ ಇಟ್ಟ. ತಂತಿ ಎಳೆದು ಪ್ರದರ್ಶನದ ಕಟ್ಟಡಕ್ಕೆ ತಂದ. ಜನ ಎರಡು ರಿಸೀವರ್ ಹಿಡಿದು, ಎಡಗಿವಿಗೊಂದು ಬಲಗಿವಿಗೊಂದು ಇಟ್ಕೊಂಡ್ರು. ಹಾಡೋರು ವೇದಿಕೆ ಮೇಲೆ ಈ ಕಡೆಯಿಂದ ಆ ಕಡೆ ಓಡಾಡೋದು ಕಿವಿಗೇ ಗೊತ್ತಾಯ್ತು. ಈಗ ನಾವು ಸ್ಟೀರಿಯೋ ಅನ್ನೋದರ ಮೊದಲ ಅನುಭವ ಅದು. ಅದಕ್ಕೆ ಒಂದು ಷರತ್ತು ಇತ್ತು, ಎರಡೂ ಕಿವಿ ಕೇಳಬೇಕು. ಅದನ್ನ ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ, ಯಾಕಂದ್ರೆ ಯಾರಿಗೂ ಅದು ಷರತ್ತು ಅಂತ ಅನಿಸಲೇ ಇಲ್ಲ.

ಇನ್ನು ರೂಮಿನ ಕಥೆ. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಫಾಗ್ ಮ್ಯೂಸಿಯಂ ಅಂತ ಕಟ್ಟಿದ್ರು. ಅದರ ಉಪನ್ಯಾಸದ ಹಾಲಿನಲ್ಲಿ ಮೇಷ್ಟ್ರು ಮಾತಾಡಿದ್ದು ಒಂದಕ್ಷರ ತಿಳೀತಿರಲಿಲ್ಲ. ಒಂದು ಶಬ್ದ ಆಡಿದ್ರೆ ಅದು ಸಾಯೋಕೆ ಐದು ಸೆಕೆಂಡಿಗೂ ಹೆಚ್ಚು ಹಿಡೀತಿತ್ತು. ಅಷ್ಟೊತ್ತಿಗೆ ಮುಂದಿನ ಹತ್ತು ಶಬ್ದ ಬಂದು ಅದರ ಮೇಲೆ ಬೀಳ್ತಿದ್ವು. ಇದನ್ನ ಸರಿಮಾಡು ಅಂತ ವ್ಯಾಲೇಸ್ ಸೇಬಿನ್ ಅನ್ನೋ ಯುವ ಪ್ರೊಫೆಸರ್‌ಗೆ ಹೇಳಿದ್ರು.

ಸೇಬಿನ್ ಏನು ಮಾಡಿದ ಗೊತ್ತಾ? ರಾತ್ರಿ ಹೊತ್ತು ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ಮೆತ್ತೆಗಳನ್ನ ಹೊತ್ತು ತಂದ. ಒಂದು ಆರ್ಗನ್ ಪೈಪು ಊದಿಸಿ ನಿಲ್ಲಿಸೋದು, ಸದ್ದು ಎಷ್ಟು ಹೊತ್ತಿಗೆ ಸಾಯುತ್ತೆ ಅಂತ ಗಡಿಯಾರ ಹಿಡಿದು ಬರ್ಕೊಳ್ಳೋದು. ಮೆತ್ತೆ ಹೆಚ್ಚಿಸೋದು, ಮತ್ತೆ ಊದಿಸೋದು. ಬೆಳಗಾಗೋದರೊಳಗೆ ಮೆತ್ತೆ ವಾಪಸ್ ಇಟ್ಟು ಬರಬೇಕು. ಒಬ್ಬ ಮನುಷ್ಯ ರೂಮಿನಲ್ಲಿ ಕೂತ್ರೆ ಸುಮಾರು ಆರು ಮೆತ್ತೆಯಷ್ಟು ಸದ್ದು ಕುಡೀತಾನೆ ಅನ್ನೋದೂ ಅವನಿಗೆ ಲೆಕ್ಕಕ್ಕೆ ಸಿಕ್ತು. ಅವನ ಆ ಲೆಕ್ಕದ ಮೇಲೇ 1900ರಲ್ಲಿ ಬೋಸ್ಟನ್ ಸಿಂಫನಿ ಹಾಲ್ ಕಟ್ಟಿದ್ರು. ಇವತ್ತಿಗೂ ಜಗತ್ತಿನ ಒಳ್ಳೇ ಸಂಗೀತ ಮಂದಿರಗಳಲ್ಲಿ ಅದೂ ಒಂದು.

ಇದನ್ನ ಓದ್ತಾ ಇದ್ದಾಗ ನನಗೆ ನಗು ಬಂತು. ನನ್ನ ರೂಮಿನಲ್ಲಿ ತೊಗರಿ ಚೀಲ ಇದ್ದಾಗ ಒಳಗೆ ನಿಂತು ಫೋನಲ್ಲಿ ಮಾತಾಡಿದ್ರೆ ಎಷ್ಟು ಚೆನ್ನಾಗಿ ಕೇಳ್ತಿತ್ತು! ಪಾಡ್‌ಕಾಸ್ಟಿನ ಮೊದಲ ಎರಡು ಎಪಿಸೋಡ್ ರೆಕಾರ್ಡ್ ಮಾಡಿದ್ದೇ ಅಲ್ಲಿ. ಸೇಬಿನ್ ಹೊತ್ತು ತಂದಿದ್ದನ್ನ ನಾನು ಹೊತ್ತು ಹೊರಗೆ ಹಾಕಿದ್ದೆ. ಖಾಲಿ ರೂಮಿನಲ್ಲಿ ಚಪ್ಪಾಳೆ ಹೊಡೆದ್ರೆ ಝಿಂಯ್ ಅಂತ ಎರಡು ಗೋಡೆ ನಡುವೆ ಓಡಾಡ್ತಿತ್ತು.

ಅಫಜಲಪುರದಲ್ಲಿ ನಮ್ಮ ಮಾಮಾನ ಮನೆ ಇದೆ. ಹಳೇ ಮಾಳಿಗಿ ಮನೆ. ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಅಲ್ಲಿ ಹೋಗಿ ಚಪ್ಪಾಳೆ ಹೊಡೆದೆ. ಟಪ್. ಅಲ್ಲೇ ಸತ್ತೋಯ್ತು. ಗೋಡೆ ನುಣುಪಿಲ್ಲ, ಜಂತಿಗಳು ಏರುತಗ್ಗು, ಮೂಲೆ ತುಂಬ ಹಾಸಿಗೆ ಸುರುಳಿ, ಕಾಳಿನ ಚೀಲ. ಸದ್ದು ಚದುರಿ ಹೋಗುತ್ತೆ, ಉಳಿದಿದ್ದನ್ನ ಮೆತ್ತನೆ ವಸ್ತುಗಳು ನುಂಗ್ತವೆ. ಮಾಮಾ ನನ್ನನ್ನೇ ನೋಡ್ತಾ, "ಏನಪಾ, ಮನಿ ತಗೋಳ್ಳಾಕ ಬಂದಂಗ ಬಡದ್ ನೋಡ್ಲತ್ತೀ?" ಅಂದ.

ನಮ್ಮ ಮೂರು ತಾಲೂಕಿನಲ್ಲೂ, ಆಳಂದ, ಅಫಜಲಪುರ, ಜೇವರ್ಗಿ ಎಲ್ಲಾ ಕಡೆ, ಮಾಳಿಗಿ ಬಿದ್ದು ಸ್ಲ್ಯಾಬು ಏಳ್ತಾ ಇದೆ. ಮಳೆಗಾಲದಲ್ಲಿ ಮಣ್ಣಿನ ಮಾಳಿಗಿ ಕೆಳಗೆ ಮಲಗೋ ಭಯ ಗೊತ್ತಿರೋರು ಯಾರೂ ಅದನ್ನ ಬೇಡ ಅನ್ನಲ್ಲ. ಆದ್ರೆ ಸ್ಪೀಕರ್ ಡಬ್ಬಿ ಮೇಲಿನ ಚಿತ್ರದಲ್ಲಿರೋದು ಕಾರ್ಪೆಟ್, ಸೋಫಾ, ದಪ್ಪ ಪರದೆ ಇರೋ ಬೇರೆ ದೇಶದ ರೂಮು. ಫರಸಿ ಮೇಲೆ, ಸ್ಲ್ಯಾಬಿನ ಕೆಳಗೆ ಆ ಚಿತ್ರ ಹಂಗಂಗೇ ಕೂರಲ್ಲ.

ಈಗ ಸ್ಪೀಕರ್ ಕಥೆಗೆ ಬರೋಣ. 1931ರಲ್ಲಿ ಇಂಗ್ಲೆಂಡಿನ ಅಲನ್ ಬ್ಲಮ್ಲೀನ್ ಅನ್ನೋ ಇಂಜಿನಿಯರು ಹೆಂಡತಿ ಜೊತೆ ಸಿನಿಮಾಕ್ಕೆ ಹೋಗಿದ್ದನಂತೆ. ತೆರೆ ಮೇಲೆ ಪಾತ್ರ ಎಡಗಡೆ ಇದೆ, ದನಿ ಮಾತ್ರ ಒಂದೇ ಸ್ಪೀಕರಿಂದ ಇನ್ನೆಲ್ಲಿಂದಲೋ ಬರ್ತಿದೆ. ಇದಕ್ಕೆ ನನ್ನತ್ರ ಉಪಾಯ ಇದೆ ಅಂತ ಹೆಂಡತಿಗೆ ಹೇಳಿದ ಅನ್ನೋ ಕಥೆ ಇದೆ. ಕಥೆ ಹೆಂಗಾದ್ರೂ ಇರ್ಲಿ, ಆ ವರ್ಷ ಡಿಸೆಂಬರಿನಲ್ಲಿ ಅವನು ಸ್ಟೀರಿಯೋ ಪೇಟೆಂಟಿಗೆ ಅರ್ಜಿ ಹಾಕಿದ್ದು ದಾಖಲೆಯಲ್ಲಿದೆ. ಎರಡು ಸ್ಪೀಕರು, ಎದುರಿಗೆ ನಡುಮಧ್ಯ ಒಬ್ಬ ಕೇಳುಗ. ಎರಡು ಸ್ಪೀಕರಿನಿಂದ ಒಂದೇ ದನಿ ಬಂದ್ರೆ ನಡುವೆ ಯಾರೋ ನಿಂತು ಮಾತಾಡಿದಂಗೆ ಕೇಳುತ್ತೆ, ಅಲ್ಲಿ ಸ್ಪೀಕರ್ ಇಲ್ಲದಿದ್ರೂ. ಇದು ಎರಡು ಕಿವಿ ಸೇರಿ ಮಾಡೋ ಮಾಯೆ. ನಡುವಿನ ಜಾಗ ಬಿಟ್ಟು ಎರಡು ಅಡಿ ಸರಿದು ಕೂತ್ರೆ ಮಾಯೆ ಹೋಯ್ತು, ದನಿ ಹತ್ತಿರದ ಸ್ಪೀಕರಿಗೆ ಅಂಟ್ಕೊಳ್ಳುತ್ತೆ.

ಅದೇ ಹೊತ್ತಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನವರಿಗೆ ಬೇರೆ ಸಮಸ್ಯೆ. ಅವರಿಗೆ ಒಬ್ಬ ಕೇಳುಗ ಅಲ್ಲ, ಒಂದು ಸಭಾಂಗಣ ತುಂಬ ಜನ. 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ಆರ್ಕೆಸ್ಟ್ರಾ ನುಡಿಸ್ತಿತ್ತು, ವಾಷಿಂಗ್ಟನ್ನಿನ ಸಭಾಂಗಣದಲ್ಲಿ ಜನ ಅದನ್ನ ಕೇಳ್ತಿದ್ರು. ಆರ್ಕೆಸ್ಟ್ರಾದ ಹೆಸರಾಂತ ನಿರ್ದೇಶಕ ಸ್ಟೊಕೊವ್‌ಸ್ಕಿ ವಾಷಿಂಗ್ಟನ್ನಿನಲ್ಲಿ ಕೂತು ಸದ್ದು ಹೆಚ್ಚು ಕಡಿಮೆ ಮಾಡ್ತಿದ್ದ. ಅಲ್ಲಿ ಇಟ್ಟಿದ್ದು ಎರಡಲ್ಲ, ಮೂರು ಚಾನೆಲ್. ಎಡ, ಬಲ ಮತ್ತು ನಡು.

ಈ ನಡುವಿನ ಸ್ಪೀಕರ್ ಯಾಕೆ? ನಾನು ಅಂದ್ಕೊಂಡಿದ್ದು, ನಡುವೆ ಕೂತವನಿಗೆ ಇನ್ನೂ ಚೆನ್ನಾಗಿ ಕೇಳ್ಲಿ ಅಂತ. ಅದು ಉಲ್ಟಾ. ನಡುವೆ ಕೂತವನಿಗೆ ಅದರ ಅಗತ್ಯ ಕಮ್ಮಿ, ಎರಡೇ ಸ್ಪೀಕರಿನಲ್ಲಿ ಅವನಿಗೆ ನಡು ಸಿಗುತ್ತೆ. ನಡುವಿನ ಸ್ಪೀಕರ್ ಬೇಕಾಗಿರೋದು ಬದಿಗೆ ಕೂತವರಿಗೆ. ಬಾಗಿಲ ಹತ್ತಿರದವರಿಗೆ, ಕಂಬದ ಪಕ್ಕದವರಿಗೆ, ತಡವಾಗಿ ಬಂದು ಮೂಲೆ ಸೀಟು ಸಿಕ್ಕವರಿಗೆ. ಮಾಯೆ ಕೆಲಸ ಮಾಡದ ಜಾಗದಲ್ಲೂ ಮಾತು ತೆರೆಯಿಂದಲೇ ಬರ್ಲಿ ಅಂತ.

ಅದನ್ನ ನಾನು ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ ತುರುಕಿದ್ದೆ.

ಮುಂದೆ 1940ರ ನವೆಂಬರಿನಲ್ಲಿ ಡಿಸ್ನಿಯ ಫ್ಯಾಂಟೇಸಿಯಾ ಬಂತು. ಅದಕ್ಕೂ ಅದೇ ಸ್ಟೊಕೊವ್‌ಸ್ಕಿ ಸಂಗೀತ ನಿರ್ದೇಶನ. ತೆರೆ ಹಿಂದೆ ಮೂರು ಚಾನೆಲ್, ಜೊತೆಗೆ ಪ್ರೇಕ್ಷಕರ ಸುತ್ತ ಸ್ಪೀಕರು. ಫ್ಯಾಂಟಾಸೌಂಡ್ ಅಂತ ಹೆಸರು. ಸರೌಂಡ್ ಸೌಂಡಿನ ನಿಜವಾದ ಶುರು ಅಲ್ಲಿಂದ. ಆದ್ರೆ ಯಂತ್ರಗಳ ಖರ್ಚು ಎಷ್ಟಿತ್ತು ಅಂದ್ರೆ ಬೆರಳೆಣಿಕೆಯ ನಗರಗಳಲ್ಲಿ ಮಾತ್ರ ಹಂಗೆ ತೋರಿಸೋಕಾಯ್ತು. ಉಳಿದ ಜನ ಅದೇ ಚಿತ್ರವನ್ನ ಸಾದಾ ಒಂಟಿ ಸೌಂಡಿನಲ್ಲಿ ನೋಡಿದ್ರು. 1953ರಲ್ಲಿ ಸಿನಿಮಾಸ್ಕೋಪಿನ ಮೊದಲ ಚಿತ್ರ ದಿ ರೋಬ್ ನಾಲ್ಕು ಟ್ರ್ಯಾಕ್ ತಂತು, ಮೂರು ಮುಂದೆ, ಒಂದು ಸುತ್ತ. ಆಗಲೂ ದೊಡ್ಡ ಥಿಯೇಟರಿಗೆ ಒಂದು ಸದ್ದು, ಸಣ್ಣ ಊರಿಗೆ ಇನ್ನೊಂದು.

ನಮ್ಮ ಕಡೆ ಏನಿತ್ತು? ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನ ಬಂದಿದ್ದು 1934ರಲ್ಲಿ. ಆಗ ಕಲಬುರಗಿ ಸೀಮೆ ನಿಜಾಮನ ರಾಜ್ಯದಲ್ಲಿತ್ತು, 1948ರ ಸೆಪ್ಟೆಂಬರಿನವರೆಗೂ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರ್ತು. ಹಳ್ಳಿ ಕಡೆ ಜನಕ್ಕೆ ಸಿನಿಮಾ ಅಂದ್ರೆ ಟೂರಿಂಗ್ ಟಾಕೀಸು. ಸುಗ್ಗಿ ಮುಗಿದ ಮೇಲೆ, ಜಾತ್ರೆ ಹೊತ್ತಿಗೆ ಟೆಂಟು ಏಳೋದು. ತೆರೆ ಹತ್ರ ಹಾರ್ನ್ ಸ್ಪೀಕರು, ಹಿಂದೆ ಜನರೇಟರಿನ ಗುಡುಗುಡು. ನೆಲದ ಮೇಲೆ ಕೂತ ಎಲ್ಲರಿಗೂ ಒಂದೇ ದನಿ. ಕರ್ಕಶ ಇತ್ತು, ಖರೆ. ಆದ್ರೆ ಮಾತು ಎಲ್ಲರಿಗೂ ತಿಳೀತಿತ್ತು.

1975ರ ಆಗಸ್ಟ್ 15ಕ್ಕೆ ಶೋಲೆ ಬಂತು. ಚಿತ್ರೀಕರಣ ನಡೆದಿದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. 70 ಎಂಎಂ, ಸ್ಟೀರಿಯೋಫೋನಿಕ್ ಸೌಂಡ್. ಅಮಿತಾಭ್ ನಾಣ್ಯ ಚಿಮ್ಮಿದಾಗ ಜನ ತಮ್ಮ ಕುರ್ಚಿ ಕೆಳಗೆ ಬಗ್ಗಿ ಹುಡುಕಿದ್ರು ಅಂತ ಇವತ್ತಿಗೂ ಹೇಳ್ತಾರೆ. ಆದ್ರೆ ಆ ಸೌಂಡು 70 ಎಂಎಂ ವ್ಯವಸ್ಥೆ ಇದ್ದ ದೊಡ್ಡ ಊರಿನ ಥಿಯೇಟರುಗಳಿಗೆ. ಉಳಿದ ಊರುಗಳಿಗೆ ಹೋಗಿದ್ದು 35 ಎಂಎಂ ಮೋನೋ ಪ್ರಿಂಟು. ನಮ್ಮ ಅಪ್ಪ ಶೋಲೆ ನೋಡಿದ್ದು ಹಂಗೇ. ನಾಣ್ಯ ತೆರೆ ಮೇಲೇ ಬಿತ್ತು. ಅವನಿಗೆ ಯಾವ ದುಃಖವೂ ಇಲ್ಲ, ಡೈಲಾಗು ಇನ್ನೂ ಬಾಯಿಪಾಠ ಇವೆ.

ಇಲ್ಲಿ ಒಂದು ವಿಜ್ಞಾನದ ತುಣುಕು ಬೇಕು. 1949ರಲ್ಲಿ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಹೆಲ್ಮುಟ್ ಹಾಸ್ ಅನ್ನೋ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ಒಂದು ವಿಷಯ ತೋರಿಸಿಕೊಟ್ಟ. ಒಂದೇ ಸದ್ದು ಎರಡು ಕಡೆಯಿಂದ ಬಂದ್ರೆ, ಯಾವುದು ಮೊದಲು ಕಿವಿಗೆ ಮುಟ್ಟುತ್ತೋ ಆ ದಿಕ್ಕಿನಿಂದಲೇ ಬಂತು ಅಂತ ನಮ್ಮ ತಲೆ ತೀರ್ಮಾನ ಮಾಡುತ್ತೆ. ಎರಡನೇದು ಸೆಕೆಂಡಿನ ಸಾವಿರದ ಮೂವತ್ತನೇ ಭಾಗ ಅಲ್ಲ, ಸಾವಿರದಲ್ಲಿ ಮೂವತ್ತು ಭಾಗ ತಡವಾಗಿ ಬಂದ್ರೂ, ಸ್ವಲ್ಪ ಜೋರಾಗಿದ್ರೂ, ಮೊದಲು ಬಂದದ್ದೇ ಗೆಲ್ಲುತ್ತೆ. ಸದ್ದು ಒಂದು ಮಿಲಿಸೆಕೆಂಡಿಗೆ ಒಂದು ಅಡಿಗಿಂತ ತುಸು ಹೆಚ್ಚು ಹೋಗುತ್ತೆ. ಈಗ ನನ್ನ ರೂಮು ನೋಡ್ರಿ. ಹಿಂದಿನ ಸ್ಪೀಕರಿಗೆ ಎರಡು ಅಡಿ ದೂರದಲ್ಲಿ ಕೂತವರಿಗೆ ಮುಂದಿನ ಸ್ಪೀಕರು ಒಂಬತ್ತು ಅಡಿ ದೂರ. ಸೆಟ್ಟಿನಲ್ಲಿ ಎಲ್ಲಾ ಸ್ಪೀಕರಿಗೂ ಒಂದೇ ಸದ್ದು ಹೋಗೋ ಮೋಡ್ ಒತ್ತಿದ್ರೆ, ಹಿಂದಿನದು ಸುಮಾರು ಆರು ಮಿಲಿಸೆಕೆಂಡು ಮೊದಲು ಮುಟ್ಟುತ್ತೆ. ಹೀರೋ ಟಿವಿಯಲ್ಲಿದ್ದಾನೆ, ಮಾತು ಬೆನ್ನ ಹಿಂದಿಂದ.

ಡಾಲ್ಬಿಯವರು ಇದೇ ತತ್ವ ಬಳಸಿದ್ರು. 1977ರ ಸ್ಟಾರ್ ವಾರ್ಸ್ ಕಾಲದ ಡಾಲ್ಬಿ ಸ್ಟೀರಿಯೋದಲ್ಲಿ ಸುತ್ತಲ ಸ್ಪೀಕರಿಗೆ ಹೋಗೋ ಸದ್ದನ್ನ ಬೇಕಂತಲೇ ಸ್ವಲ್ಪ ತಡ ಮಾಡ್ತಿದ್ರು. ಮುಂದಿನ ಮಾತು ಸ್ವಲ್ಪ ಹಿಂದಕ್ಕೆ ಸೋರಿದ್ರೂ ಕಿವಿ ಅದನ್ನ ಮುಂದಿನದೇ ಅಂತ ತಿಳೀಲಿ ಅಂತ. 1979ರ ಅಪೊಕ್ಯಾಲಿಪ್ಸ್ ನೌ ಚಿತ್ರದ 70 ಎಂಎಂ ಪ್ರಿಂಟಿನಲ್ಲಿ ಹಿಂದಿನ ಎಡ ಬೇರೆ, ಹಿಂದಿನ ಬಲ ಬೇರೆ ಆದ್ವು, ಹೆಲಿಕಾಪ್ಟರ್ ಜನರ ತಲೆ ಸುತ್ತ ತಿರುಗ್ತು. 1987ರಲ್ಲಿ ಟಾಮ್ಲಿನ್ಸನ್ ಹೋಲ್ಮನ್ ಇದಕ್ಕೆ 5.1 ಅನ್ನೋ ಹೆಸರು ಕೊಟ್ಟ. ಐದು ಪೂರ್ತಿ ಚಾನೆಲ್, ಬರೀ ಬೇಸ್ ಹೊರೋ ಒಂದು ಅರೆಬರೆ ಚಾನೆಲ್, ಅದಕ್ಕೇ ಪಾಯಿಂಟ್ ಒನ್. 1992ರ ಬ್ಯಾಟ್‌ಮನ್ ರಿಟರ್ನ್ಸ್ ಜೊತೆ ಅದು ಡಿಜಿಟಲ್ ಆಗಿ ಥಿಯೇಟರಿಗೆ ಬಂತು. ಆ ಹೊತ್ತಿನಲ್ಲೇ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಐಟಿಯು, ಸ್ಪೀಕರುಗಳ ಕೋನವನ್ನ ಬರೆದಿಟ್ಟಿತು. ಮುಂದಿನ ಎರಡು 30 ಡಿಗ್ರಿ ಎಡಕ್ಕೆ, 30 ಬಲಕ್ಕೆ. ಸುತ್ತಲವು 100ರಿಂದ 120 ಡಿಗ್ರಿ. ಅಂದ್ರೆ ಪಕ್ಕಕ್ಕಿಂತ ಸ್ವಲ್ಪ ಹಿಂದೆ, ಬೆನ್ನ ಹಿಂದಿನ ಮೂಲೆಯಲ್ಲಿ ಅಲ್ಲ.

ನನ್ನಂಗೆ 10 ಬೈ 12 ರೂಮು ಇರೋರಿಗೆ ಇದನ್ನ ಅಡಿ ಲೆಕ್ಕದಲ್ಲಿ ಹೇಳ್ತೀನಿ, ಬರ್ಕೊಳ್ರಿ. ಟಿವಿ 10 ಅಡಿ ಗೋಡೆಗೆ. ಮುಂದಿನ ಎಡಬಲ ಸ್ಪೀಕರು ಗೋಡೆಯಿಂದ ಒಂದು ಅಡಿ ಈಚೆಗೆ, ಒಂದರಿಂದ ಒಂದಕ್ಕೆ ಏಳು ಅಡಿ. ಒಂದು ಏಳು ಅಡಿ ದಾರ ತಗೊಂಡು ಎರಡೂ ಸ್ಪೀಕರಿಂದ ಎಳೀರಿ, ಎರಡು ದಾರದ ತುದಿ ಸೇರೋ ಜಾಗದಲ್ಲಿ ಕುರ್ಚಿ. ಅದು ಟಿವಿ ಗೋಡೆಯಿಂದ ಸುಮಾರು ಏಳು ಅಡಿಗೆ ಬರುತ್ತೆ. ರೂಮಿನ ನಟ್ಟನಡುವೆ, ಆರಡಿಗೆ, ಕೂರಬೇಡ್ರಿ. 12 ಅಡಿ ಉದ್ದದಲ್ಲಿ ಸುಮಾರು 47 ಹರ್ಟ್ಜಿನ ಬೇಸು ಅಲ್ಲಿ ಕಾಣೆಯಾಗುತ್ತೆ. ಹಿಂದಿನ ಗೋಡೆಗೆ ತಲೆ ಹಚ್ಚಿ ಕೂತ್ರೆ ಅದೇ ಬೇಸು ಢಂ ಢಂ ಅಂತ ಉಬ್ಬುತ್ತೆ. ಸುತ್ತಲ ಸ್ಪೀಕರು ಎರಡೂ ಪಕ್ಕದ ಗೋಡೆಗೆ, ಕುರ್ಚಿಗಿಂತ ಎರಡು ಅಡಿ ಹಿಂದೆ, ಕೂತಾಗ ಕಿವಿ ಎಲ್ಲಿ ಬರುತ್ತೋ ಅದಕ್ಕಿಂತ ಎರಡು ಅಡಿ ಮೇಲೆ. ಸ್ಲ್ಯಾಬಿಗೆ ಅಲ್ಲ. ನಡುವಿನ ಸ್ಪೀಕರು ಟಿವಿಗೆ ಹತ್ತಿರ, ಖಾನೆಯಿಂದ ಹೊರಗೆ, ಮುಖ ಕಿವಿ ಕಡೆಗೆ. ಕೊನೆಗೆ ಸೆಟ್ಟಿನ ಮೆನುವಿನಲ್ಲಿ ಪ್ರತಿ ಸ್ಪೀಕರಿನ ದೂರವನ್ನ ಟೇಪು ಹಿಡಿದು ಅಳೆದು ಹಾಕ್ರಿ.

ಇಷ್ಟೆಲ್ಲಾ ಮಾಡಿದೆ. ನಾನು ಕುರ್ಚಿಯಲ್ಲಿ ಕೂತೆ. ಅದ್ಭುತ ಕೇಳ್ತು. ಅಪ್ಪನ್ನ ಕರೆದು ಅದೇ ಕುರ್ಚಿಯಲ್ಲಿ ಕೂರಿಸಿದೆ.

ಐದು ನಿಮಿಷ ಕೂತ. ಆಮೇಲೆ ಎದ್ದು ಕುರ್ಚಿ ಎಳ್ಕೊಂಡು ಬಲಗಡೆ ಗೋಡೆ ಹತ್ತಿರ ಹಾಕಿ, ಓರೆಯಾಗಿ ಕೂತ. ಸರಿಯಾಗಿ ಬಲಗಡೆ ಸ್ಪೀಕರಿನ ಕೆಳಗೆ. ನನ್ನ ಎಲ್ಲಾ ದಾರ, ಟೇಪು, ಡಿಗ್ರಿ ಹಾಳಾಯ್ತು.

"ಅಪ್ಪಾ, ನಡಕ ಕೂಡಪಾ, ಅಲ್ಲೇ ಛಲೋ ಕೇಳ್ತದ" ಅಂದೆ.

"ನನಗ ಇಲ್ಲೇ ಕೇಳ್ತದ" ಅಂದ.

ಅಪ್ಪನಿಗೆ ಬಲಗಿವಿ ಕೇಳಲ್ಲ. ಸಣ್ಣವನಿದ್ದಾಗ ಕಿವಿ ಸೋರಿ ಸೋರಿ ಹೋಗಿದ್ದು. ಇದು ಮನೇಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಲೆಕ್ಕಕ್ಕೆ ತಗೊಂಡಿರಲಿಲ್ಲ. ಯಾಕಂದ್ರೆ ಅಪ್ಪ ಅದನ್ನ ಯಾವತ್ತೂ ಹೇಳ್ಕೊಳ್ಳಲ್ಲ, ಜಾಗ ಬದಲಿ ಮಾಡ್ಕೊಳ್ತಾನೆ ಅಷ್ಟೇ.

ಆಗ ನನಗೆ ಹಳೇದೊಂದು ನೆನಪಾಯ್ತು. ಈ ಪಾಡ್‌ಕಾಸ್ಟಿನ ಶುರುವಿನ ಒಂದು ಎಪಿಸೋಡಿನಲ್ಲಿ ಒಬ್ಬರ ಸಂದರ್ಶನ ಮಾಡಿದ್ದೆ. ಭಾರಿ ಸ್ಟೈಲಾಗಿ ನನ್ನ ದನಿ ಪೂರ್ತಿ ಎಡಕ್ಕೆ, ಅವರ ದನಿ ಪೂರ್ತಿ ಬಲಕ್ಕೆ ಇಟ್ಟಿದ್ದೆ. ಅಪ್ಪ ನನ್ನ ಇಯರ್‌ಫೋನ್ ಎಡಗಿವಿಗೆ ಹಾಕ್ಕೊಂಡು ಕೇಳಿ, "ನೀ ಕೇಳ್ಲತ್ತೀದಿ, ಖರೇ ಅವ್ರು ಜವಾಬೇ ಕೊಡವಲ್ರು?" ಅಂದಿದ್ದ. ನಾನು ಫೋನ್ ಹಾಳಾಗಿದೆ ಅಂತ ನಕ್ಕು ಬಿಟ್ಟಿದ್ದೆ. 1881ರ ಷರತ್ತು ನನ್ನ ಮನೆಯಲ್ಲೇ ಇತ್ತು, ನಾನು ನೋಡಿರಲಿಲ್ಲ.

ಅದಾದ ಮೇಲೆ ಅಪ್ಪ ಎಲ್ಲೆಲ್ಲಿ ಕೂರ್ತಾನೆ ಅಂತ ಗಮನಿಸೋಕೆ ಶುರು ಮಾಡಿದೆ. ಜೇವರ್ಗಿ ಕಡೆ ನಮ್ಮ ಬಂಧುಗಳ ಊರಿನಲ್ಲಿ ಅಮಾವಾಸ್ಯೆ ಭಜನೆಗೆ ಹೋಗಿದ್ವಿ. ಕಡಕೋಳ ಮಡಿವಾಳಪ್ಪನವರ ಸೀಮೆ ಅದು. ಕಡಕೋಳ ಈಗ ಯಡ್ರಾಮಿ ತಾಲೂಕಿಗೆ ಸೇರಿದೆ, ಮೊದಲು ಜೇವರ್ಗಿಯದ್ದೇ. ಅವರ ತತ್ವಪದ, ಚೆನ್ನೂರ ಜಲಾಲ ಸಾಹೇಬರ ತತ್ವಪದ ಅಲ್ಲಿ ಬೆಳಗಿನವರೆಗೂ ನಡೀತವೆ. ಏಕತಾರಿ, ದಮ್ಮಡಿ, ತಾಳ. ಎಲ್ಲರೂ ದುಂಡಗೆ ಕೂತು ಒಳಮುಖ ಮಾಡಿ ಹಾಡ್ತಾರೆ. ಒಬ್ಬ ಎತ್ತಿಕೊಟ್ರೆ ಉಳಿದವರು ಹಿಡೀತಾರೆ. ಅಲ್ಲಿ ಕೇಳೋರ ಜಾಗ ಅಂತ ಬೇರೆ ಇಲ್ಲ, ಯಾವ ಜಾಗವೂ ನಡು ಅಲ್ಲ. ಅಪ್ಪ ಹೋದವನೇ ಮುಖ್ಯ ಹಾಡುಗಾರನ ಬಲಕ್ಕೆ ಜಾಗ ಹಿಡಿದ. ಎಡಗಿವಿ ಹಾಡಿಗೆ ಬರೋಹಂಗೆ. ಯಾರೂ ಏನೂ ಕೇಳಲಿಲ್ಲ, ಸರಿದು ಜಾಗ ಕೊಟ್ರು.

ಇನ್ನೊಂದು ನೆನಪು, ಅಫಜಲಪುರದಿಂದ ಭೀಮಾ ದಾಟಿ ವಿಜಯಪುರಕ್ಕೆ ಹೋಗಿದ್ದು. ನಾನು ಆಗ ಐದನೇ ಕ್ಲಾಸು. ಗೋಲ್ ಗುಂಬಜ್, ಮುಹಮ್ಮದ್ ಆದಿಲ್ ಶಾಹನ ಸಮಾಧಿ, 1656ರದ್ದು. ಗುಮ್ಮಟದ ಕೆಳಗಿನ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಕಡೆ ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದ್ರೆ ಎದುರು ಕಡೆ ಗೋಡೆಗೆ ಕಿವಿ ಇಟ್ಟವರಿಗೆ ಕೇಳುತ್ತೆ. ಸದ್ದು ಬಾಗಿದ ಗೋಡೆ ಹಿಡ್ಕೊಂಡು ಹರಿದು ಹೋಗುತ್ತೆ. ಸಿ.ವಿ. ರಾಮನ್ 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಇದೇ ವಿಷಯದ ಮೇಲೆ ಪ್ರಯೋಗ ಮಾಡಿದ್ರು, ಆಮೇಲೆ ಗೋಲ್ ಗುಂಬಜ್ ಸೇರಿ ನಮ್ಮ ದೇಶದ ಇಂಥ ಕಟ್ಟಡಗಳ ಬಗ್ಗೆಯೂ ಬರೆದ್ರು. ಆವತ್ತು ಎದುರುಗಡೆಯಿಂದ ಅಮ್ಮ ಏನೋ ಅಂದ್ಲು, ಅಪ್ಪ ನಕ್ಕ. ಎಡಗಿವಿ ಗೋಡೆಗೆ ಹಚ್ಚಿದ್ದ. ಅಲ್ಲಿ ಒಂದು ಕಿವಿ ಸಾಕು.

ಸರಿ, ನನ್ನ ರೂಮಿಗೆ ವಾಪಸ್. ಎರಡು ಕಿವಿಯ ಮಾಯೆ ಒಂದು ಕಿವಿಗೆ ಸಿಗಲ್ಲ. ಎಡ ಬಲ ಸ್ಪೀಕರಿನ ನಡುವೆ ಹುಟ್ಟೋ ದನಿಯ ಜಾಗ ಅಪ್ಪನಿಗೆ ಗೊತ್ತಾಗಲ್ಲ. ಅವನಿಗೆ ಬೇಕಾದ್ದು ಒಂದೇ ಜಾಗದಿಂದ ನೇರ ಬರೋ ಮಾತು. ಅಂದ್ರೆ ನಡುವಿನ ಸ್ಪೀಕರು. 1933ರಲ್ಲಿ ಬದಿಗೆ ಕೂತವರಿಗಾಗಿ ಇಟ್ಟ ಅದೇ ಸ್ಪೀಕರು.

ಅದಕ್ಕೆ ಲೆಕ್ಕ ಉಲ್ಟಾ ಮಾಡಿದೆ. ಮೊದಲು ಅಪ್ಪನ ಕುರ್ಚಿ, ಬಲಗಡೆ ಗೋಡೆ ಹತ್ತಿರ, ಎಡಗಿವಿ ಟಿವಿ ಕಡೆ ಬರೋಹಂಗೆ ಓರೆಯಾಗಿ. ಅದನ್ನ ಅಲ್ಲಾಡಿಸೋ ಹಂಗಿಲ್ಲ. ಆಮೇಲೆ ಉಳಿದಿದ್ದು. ನಡುವಿನ ಸ್ಪೀಕರನ್ನ ಅಪ್ಪನ ಕಡೆ ತುಸು ತಿರುಗಿಸಿ ಮೂರು ಡೆಸಿಬಲ್ ಹೆಚ್ಚಿಸಿದೆ. ಬಲಗಡೆ ಸುತ್ತಲ ಸ್ಪೀಕರನ್ನ ಇನ್ನೂ ಹಿಂದಕ್ಕೆ ಸರಿಸಿ ಸದ್ದು ಇಳಿಸಿದೆ, ಪಕ್ಕದಲ್ಲಿ ಕೂರೋ ಅಮ್ಮನ ಕಿವಿಗೆ ಬಡೀಬಾರದು. ಫರಸಿ ಮೇಲೆ ಜಮಖಾನೆ. ಹಿಂದಿನ ಗೋಡೆಗೆ ಆಯಿ ಹೊಲಿದ ಎರಡು ಕೌದಿ, ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು ನೇತು ಹಾಕಿದೆ. ಕೌದಿ ಬೇಸನ್ನೇನೂ ತಡೆಯಲ್ಲ, ಆದ್ರೆ ಆ ಝಿಂಯ್ ಹೋಯ್ತು. ಹಿಂದಿನ ಮೂಲೆಗೆ ನಾಲ್ಕು ತೊಗರಿ ಚೀಲ ವಾಪಸ್ ಬಂದ್ವು. ಅಪ್ಪ ಅದನ್ನ ನೋಡಿ, "ಮೊದಲೇ ಬ್ಯಾಡ ಅಂದಿದ್ನಲ್ಲ ತೆಗೀಬ್ಯಾಡ ಅಂತ" ಅಂದ.

ನನ್ನ ಆ ಪರ್ಫೆಕ್ಟ್ ಜಾಗ ಈಗ ಅಷ್ಟು ಪರ್ಫೆಕ್ಟ್ ಇಲ್ಲ. ಹೆಲಿಕಾಪ್ಟರ್ ಸ್ವಲ್ಪ ಎಡಕ್ಕೆ ವಾಲಿ ತಿರುಗುತ್ತೆ. ಪರವಾಗಿಲ್ಲ. ಹೋದ ಭಾನುವಾರ ಆರು ಜನ ಕೂತು ಶೋಲೆ ನೋಡಿದ್ವಿ. ಸೇಬಿನ್ ಲೆಕ್ಕದಲ್ಲಿ ಮೂವತ್ತಾರು ಮೆತ್ತೆ. ಮಾತು ಎಲ್ಲರಿಗೂ ತಿಳೀತು. ಅಪ್ಪ ಕೊನೆವರೆಗೂ ಎದ್ದು ಹೋಗಲಿಲ್ಲ. ಗಬ್ಬರ್ ಬಂದಾಗ ಅವನಿಗಿಂತ ಮುಂಚೆ ಡೈಲಾಗ್ ಹೇಳ್ತಾ ನಮಗೆ ಕಿರಿಕಿರಿ ಮಾಡಿದ.

ಈಗ ನಿಮ್ಮ ಬಲಗಿವಿ ಇಯರ್‌ಫೋನ್ ಹಾಕ್ಕೊಳ್ರಿ. ಇಷ್ಟೊತ್ತು ನಿಮಗೆ ಏನೂ ತಪ್ಪಿಲ್ಲ, ಯಾಕಂದ್ರೆ ಈ ಎಪಿಸೋಡಿನಲ್ಲಿ ಎರಡೂ ಕಡೆ ಒಂದೇ ದನಿ ಇದೆ. ಇನ್ನು ಮುಂದಿನ ಎಲ್ಲಾ ಎಪಿಸೋಡೂ ಹಂಗೇ ಇರ್ತವೆ. ನಿಮ್ಮ ಮನೇಲೂ ಒಂದು ಕಿವಿಯಿಂದ ಕೇಳೋರು ಇದ್ರೆ, ಅವರ ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಆಕ್ಸೆಸಿಬಿಲಿಟಿ ಒಳಗೆ ಮೋನೋ ಆಡಿಯೋ ಅಂತ ಇರುತ್ತೆ, ಅದನ್ನ ಆನ್ ಮಾಡಿ ಕೊಡ್ರಿ. ಎಡದ್ದೂ ಬಲದ್ದೂ ಸೇರಿ ಎರಡೂ ಕಡೆ ಬರುತ್ತೆ. ಅರ್ಧ ನಿಮಿಷದ ಕೆಲಸ. ನನಗೆ ಅದು ಗೊತ್ತಾಗೋಕೆ ಒಂದು ಹೋಮ್ ಥಿಯೇಟರ್ ಬೇಕಾಯ್ತು.

ನಿಮ್ಮ ರೂಮಿನ ಉದ್ದ ಅಗಲ, ಮತ್ತೆ ನಿಮ್ಮ ಮನೇಲಿ ಯಾರು ಎಲ್ಲಿ ಕೂರ್ತಾರೆ ಅನ್ನೋದನ್ನ ಬರೆದು ಕಳಿಸ್ರಿ. ಮುಂದಿನ ವಾರ ಸಿಗೋಣ. ಬರ್ತೀನ್ರಿ.